ಕಡಲ ಗಾಳಿ, ಕೈಗಾರಿಕಾ ಕ್ಲಸ್ಟರ್ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ಕೂಲಿ ದುಬಾರಿಯಾದ ದೇಶದಲ್ಲಿ ತಯಾರಾದ ಸರಕೂ ದುಬಾರಿಯಾಗಿರಬೇಕು, ಆದ್ದರಿಂದ ಅದು ಜಗತ್ತಿನ ಮಾರುಕಟ್ಟೆಯಲ್ಲಿ ಸೋಲಬೇಕು. ಇದು ಸಾಮಾನ್ಯ ತರ್ಕ. ಆದರೆ ಜಗತ್ತಿನಲ್ಲೇ ಅತಿ ಹೆಚ್ಚು ಕೂಲಿ ಕೊಡುವ ದೇಶಗಳ ಸಾಲಿಗೆ ಸೇರಿದ ಡೆನ್ಮಾರ್ಕ್ ಮತ್ತು ನಾರ್ವೆ, ಕಡಲಿನಿಂದ ಶಕ್ತಿ ಪಡೆಯುವ ಉದ್ಯಮದಲ್ಲಿ ದಶಕಗಳಿಂದ ಮುಂಚೂಣಿಯಲ್ಲಿವೆ. ಡೆನ್ಮಾರ್ಕ್ ಕಡಲ ಪವನಶಕ್ತಿಯಲ್ಲಿ, ನಾರ್ವೆ ಕಡಲ ತೈಲ ಮತ್ತು ಅನಿಲದಲ್ಲಿ. ಇದು ಹೇಗೆ ಸಾಧ್ಯವಾಯಿತೆಂದು ಕೇಳಿದರೆ ಅರ್ಥಶಾಸ್ತ್ರಜ್ಞರು ಎರಡು ಪದಗಳಲ್ಲಿ ಉತ್ತರಿಸುತ್ತಾರೆ: ಕ್ಲಸ್ಟರ್ ಮತ್ತು ಜ್ಞಾನ. ಈ ಉತ್ತರ ಎಷ್ಟರಮಟ್ಟಿಗೆ ನಿಜ, ಎಲ್ಲಿ ಸಡಿಲ, ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಿಕ್ಷಕರಿಗೆ ಮತ್ತು ವಿದ್ಯಾರ್ಥಿಗಳಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಕಡಲಿಲ್ಲದ ಜಿಲ್ಲೆಗೆ ಕಡಲ ಶಕ್ತಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಭೂಪಟದಲ್ಲಿ ಅಳತೆಪಟ್ಟಿ ಇಟ್ಟು ನೋಡಿ. ಹಾನಗಲ್ಲಿನಿಂದ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ ಸುಮಾರು 85 ಕಿಲೋಮೀಟರ್ ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ತಾಲ್ಲೂಕುಗಳ ಮೇಲೆ ಬೀಸುವ ನೈಋತ್ಯ ಮಾರುತ ಘಟ್ಟ ಹತ್ತಿ ಬಂದ ಕಡಲ ಗಾಳಿಯೇ. ಹುಬ್ಬಳ್ಳಿಯಿಂದ ಶಿಗ್ಗಾಂವಿ ತಾಲ್ಲೂಕಿನ ತಡಸದ ಕಡೆಗೆ ಪ್ರಯಾಣಿಸಿದವರು ಅಲ್ಲಿ ತಿರುಗುವ ಪವನಯಂತ್ರಗಳನ್ನು ನೋಡಿರುತ್ತಾರೆ. ಗಾಳಿ ಬಂದಿದೆ, ಯಂತ್ರವೂ ಬಂದಿದೆ. ಅವುಗಳ ಜೊತೆಗೆ ಅರಿವು ಬಂದಿದೆಯೇ ಎಂಬುದು ಈ ಲೇಖನದ ಪ್ರಶ್ನೆ.

ಕ್ಲಸ್ಟರ್ ಎಂದರೇನು?

ಶಿಕ್ಷಕರಿಗೆ ಈ ಪದ ಹೊಸದಲ್ಲ. ಅಕ್ಕಪಕ್ಕದ ಊರುಗಳ ಶಾಲೆಗಳನ್ನು ಒಂದು ಕ್ಲಸ್ಟರ್ ಎಂದು ಗುರುತಿಸಿ, ಸಮೂಹ ಸಂಪನ್ಮೂಲ ವ್ಯಕ್ತಿಯೊಬ್ಬರನ್ನು ನೇಮಿಸುವ ವ್ಯವಸ್ಥೆ ನಮ್ಮಲ್ಲಿದೆ. ಒಂದು ಶಾಲೆಯಲ್ಲಿ ಯಶಸ್ವಿಯಾದ ಪಾಠಕ್ರಮ ಪಕ್ಕದ ಶಾಲೆಗೂ ತಲುಪಲಿ ಎಂಬುದು ಅದರ ಉದ್ದೇಶ. ಕೈಗಾರಿಕಾ ಕ್ಲಸ್ಟರ್ ಎಂದರೂ ಇದೇ. ಒಂದೇ ಕಸುಬಿನ ತಯಾರಕರು, ಬಿಡಿಭಾಗ ಒದಗಿಸುವವರು, ದುರಸ್ತಿಗಾರರು, ತರಬೇತಿ ಶಾಲೆಗಳು, ಪ್ರಯೋಗಾಲಯಗಳು ಹತ್ತಿರ ಹತ್ತಿರದಲ್ಲಿದ್ದು, ಪೈಪೋಟಿ ಮಾಡುತ್ತಲೇ ಒಬ್ಬರಿಂದೊಬ್ಬರು ಕಲಿಯುವುದು. ಗುಳೇದಗುಡ್ಡದ ಖಣ, ಚನ್ನಪಟ್ಟಣದ ಗೊಂಬೆ ನಮಗೆ ಗೊತ್ತಿರುವ ಉದಾಹರಣೆಗಳು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಇಂಥ ಕಸುಬಿನ ಊರುಗಳ ಬಗ್ಗೆ ಬರೆದಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಪೋರ್ಟರ್ 1990ರಲ್ಲಿ ಪ್ರಕಟಿಸಿದ, ರಾಷ್ಟ್ರಗಳ ಸ್ಪರ್ಧಾಶಕ್ತಿಯನ್ನು ಕುರಿತ ಗ್ರಂಥದಿಂದ ಕ್ಲಸ್ಟರ್ ಎಂಬ ಪದ ಸರ್ಕಾರಿ ಕಡತಗಳಿಗೂ ಬಂದಿತು. ಅಗ್ಗದ ಕೂಲಿ ಅಥವಾ ನೈಸರ್ಗಿಕ ಸಂಪತ್ತಿಗಿಂತ, ಬೇಡಿಕೆಯಿಡುವ ಗ್ರಾಹಕರು, ನುರಿತ ಪೂರೈಕೆದಾರರು ಮತ್ತು ನಿಷ್ಠುರ ಪೈಪೋಟಿ ಹೆಚ್ಚು ಮುಖ್ಯ ಎಂಬುದು ಪೋರ್ಟರ್ ಅವರ ವಾದದ ತಿರುಳು.

ಹಳ್ಳಿಯ ಶಾಲೆಯಿಂದ ಕಡಲಿಗೆ

ಈ ವಾದಕ್ಕೆ ಡೆನ್ಮಾರ್ಕ್‌ಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಶಿಕ್ಷಕರು ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿಯ ಕಥೆ ಆರಂಭವಾಗುವುದು ಕಾರ್ಖಾನೆಯಲ್ಲಲ್ಲ, ಶಾಲೆಯಲ್ಲಿ. ಪೌಲ್ ಲಾ ಕೂರ್ ಎಂಬ ಭೌತವಿಜ್ಞಾನಿ ಆಸ್ಕೊವ್ ಎಂಬ ಹಳ್ಳಿಯ ಜನಪದ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದರು. 1891ರಲ್ಲಿ ಅವರು ಶಾಲೆಯ ಬಳಿಯೇ ವಿದ್ಯುತ್ ಉತ್ಪಾದಿಸುವ ಗಾಳಿಗಿರಣಿ ಕಟ್ಟಿ ಪ್ರಯೋಗಗಳನ್ನು ಆರಂಭಿಸಿದರು. ರೈತರ ಮಕ್ಕಳಿಗೆ ಗ್ರಾಮೀಣ ವಿದ್ಯುತ್ ಕೆಲಸದ ತರಬೇತಿ ಕೊಟ್ಟರು. ಆ ತರಬೇತಿ ಪಡೆದವರಲ್ಲಿ ಒಬ್ಬರಾದ ಯೊಹಾನೆಸ್ ಯೂಲ್, 1957ರಲ್ಲಿ ಗೆಡ್ಸರ್ ಎಂಬಲ್ಲಿ 200 ಕಿಲೋವಾಟ್‌ನ ಮೂರು ರೆಕ್ಕೆಯ ಯಂತ್ರ ನಿಲ್ಲಿಸಿದರು. ಅದು ಸುಮಾರು ಹತ್ತು ವರ್ಷ ಕೆಲಸ ಮಾಡಿತು. ಮುಂದಿನ ಡೇನಿಷ್ ಯಂತ್ರಗಳಿಗೆ ಅದೇ ಮಾದರಿಯಾಯಿತು.

1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಈ ಕೆಲಸ ಮತ್ತೆ ಚಿಗುರಿತು. ಆಗ ಮುಂದೆ ಬಂದವರು ಯಾರು? ಕೃಷಿ ಸಲಕರಣೆ ತಯಾರಿಸುತ್ತಿದ್ದ ವೆಸ್ತಾಸ್, ನೀರಾವರಿ ಸಲಕರಣೆಗಳ ಹಿನ್ನೆಲೆಯಿಂದ ಬಂದ ಬೋನಸ್, ತೊಟ್ಟಿಗಳನ್ನು ತಯಾರಿಸುತ್ತಿದ್ದ ನಾರ್ಡ್‌ಟ್ಯಾಂಕ್. ಅಂದರೆ ಗ್ರಾಮೀಣ ವರ್ಕ್‌ಶಾಪುಗಳು. 1978ರಲ್ಲಿ ರೀಸೊ ಪ್ರಯೋಗಾಲಯದಲ್ಲಿ ಪವನಯಂತ್ರಗಳ ಪರೀಕ್ಷಾ ಕೇಂದ್ರ ಆರಂಭವಾಯಿತು. ಸರ್ಕಾರದ ಶೇಕಡ 30ರಷ್ಟು ಸಹಾಯಧನ ಬೇಕಿದ್ದರೆ ಆ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಯಂತ್ರಗಳ ಮಾಲೀಕರು ಸಂಘ ಕಟ್ಟಿಕೊಂಡು, ಯಾವ ಯಂತ್ರ ಎಷ್ಟು ಯೂನಿಟ್ ಉತ್ಪಾದಿಸಿತು ಎಂಬುದನ್ನು ತಮ್ಮ ಪತ್ರಿಕೆಯಲ್ಲಿ ತಿಂಗಳು ತಿಂಗಳು ಅಚ್ಚು ಹಾಕಿದರು. ಕಳಪೆ ಯಂತ್ರ ತಯಾರಿಸಿದವನು ಮುಚ್ಚಿಟ್ಟುಕೊಳ್ಳಲು ಅವಕಾಶವಿರಲಿಲ್ಲ.

ಅದೇ ಕಾಲದಲ್ಲಿ ನೆರೆಯ ಜರ್ಮನಿ ಭಾರಿ ಹಣ ಮತ್ತು ಉನ್ನತ ವಿಜ್ಞಾನಿಗಳ ನೆರವಿನಿಂದ 3 ಮೆಗಾವಾಟ್‌ನ ಗ್ರೋವಿಯನ್ ಎಂಬ ದೈತ್ಯ ಯಂತ್ರ ಕಟ್ಟಿತು. 1983ರಿಂದ 1987ರವರೆಗೆ ಅದು ತಿರುಗಿದ್ದು ಕೆಲವೇ ನೂರು ಗಂಟೆ. ಎರಡೂ ಕಡೆ ಜ್ಞಾನವಿತ್ತು. ಒಂದು ಕಡೆ ಅದು ಯಂತ್ರ ಕಟ್ಟುವವರು, ಅಳೆಯುವವರು, ಬಳಸುವವರ ನಡುವೆ ಓಡಾಡುತ್ತಿತ್ತು. ಇನ್ನೊಂದು ಕಡೆ ಒಂದೇ ಯೋಜನೆಯೊಳಗೆ ಉಳಿದಿತ್ತು.

ಈ ತಳಹದಿಯ ಮೇಲೆ 1991ರಲ್ಲಿ ವಿಂಡೆಬಿಯಲ್ಲಿ ಜಗತ್ತಿನ ಮೊದಲ ಕಡಲ ಪವನ ವಿದ್ಯುತ್ ಸ್ಥಾವರ ಎದ್ದಿತು. 450 ಕಿಲೋವಾಟ್‌ನ 11 ಯಂತ್ರಗಳು, ಒಟ್ಟು 4.95 ಮೆಗಾವಾಟ್. 2017ರಲ್ಲಿ ಅದನ್ನು ಕಳಚುವವರೆಗೆ ಅದೊಂದು ಪಾಠಶಾಲೆಯೇ ಆಗಿತ್ತು. 2002ರಲ್ಲಿ ಹಾರ್ನ್ಸ್ ರೆವ್‌ನಲ್ಲಿ 2 ಮೆಗಾವಾಟ್‌ನ 80 ಯಂತ್ರಗಳನ್ನು ನಿಲ್ಲಿಸಿದರು. ಉಪ್ಪುಗಾಳಿಯ ಆ ವಾತಾವರಣದಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಜನರೇಟರ್‌ಗಳಲ್ಲಿ ದೋಷ ಕಾಣಿಸಿಕೊಂಡು, 2004ರಲ್ಲಿ ಎಂಬತ್ತೂ ಯಂತ್ರಗಳ ತುದಿಯ ಯಂತ್ರಪೆಟ್ಟಿಗೆಗಳನ್ನು ದಡಕ್ಕೆ ತಂದು ಸರಿಪಡಿಸಬೇಕಾಯಿತು. ಇದು ದೊಡ್ಡ ನಷ್ಟ. ಆದರೆ ಎಸ್‌ಬ್ಯಾರ್ಗ್ ಬಂದರು ಹತ್ತಿರದಲ್ಲಿತ್ತು. ಉತ್ತರ ಸಮುದ್ರದ ತೈಲ ಉದ್ಯಮದಲ್ಲಿ ಪಳಗಿದ ಹಡಗುಗಳು ಮತ್ತು ಕೆಲಸಗಾರರು ಅಲ್ಲಿದ್ದರು. ನಷ್ಟದ ಪಾಠ ಮುಂದಿನ ವಿನ್ಯಾಸಗಳಿಗೆ ದಾಟಿತು.

ಕಡಲಿನಲ್ಲಿ ಕೂಲಿಗಿಂತ ದಿನವೇ ದುಬಾರಿ

ಇದನ್ನು ಲೆಕ್ಕದಲ್ಲಿ ನೋಡೋಣ. ಕಡಲಿನಲ್ಲಿ 10 ಮೆಗಾವಾಟ್‌ನ ಯಂತ್ರವೊಂದು ಸರಾಸರಿ ಶೇಕಡ 45ರಷ್ಟು ಸಾಮರ್ಥ್ಯದಲ್ಲಿ ಕೆಲಸ ಮಾಡುತ್ತದೆ ಎಂದುಕೊಳ್ಳಿ. ಒಂದು ದಿನ ನಿಂತರೆ ನಷ್ಟ 10 × 24 × 0.45 = 108 ಮೆಗಾವಾಟ್-ಗಂಟೆ, ಅಂದರೆ 1,08,000 ಯೂನಿಟ್. ನೆಲದ ಮೇಲೆ 2 ಮೆಗಾವಾಟ್‌ನ ಯಂತ್ರ ಶೇಕಡ 28ರಲ್ಲಿ ಕೆಲಸ ಮಾಡುತ್ತಿದ್ದರೆ ದಿನದ ನಷ್ಟ ಸುಮಾರು 13,440 ಯೂನಿಟ್. ಎಂಟು ಪಟ್ಟು ವ್ಯತ್ಯಾಸ. ಅದಲ್ಲದೆ ನೆಲದಲ್ಲಿ ಕ್ರೇನ್ ರಸ್ತೆಯ ಮೇಲೆ ಬರುತ್ತದೆ. ಕಡಲಿನಲ್ಲಿ ಅಲೆಗಳ ಎತ್ತರ ಸುಮಾರು ಒಂದೂವರೆ ಮೀಟರ್ ದಾಟಿದರೆ ಸಾಮಾನ್ಯ ದೋಣಿಯಿಂದ ಸಿಬ್ಬಂದಿ ಕಂಬಕ್ಕೆ ದಾಟುವುದೇ ಕಷ್ಟ, ದಿನಗಟ್ಟಲೆ ಕಾಯಬೇಕು. ಹೀಗಿರುವಾಗ ದೋಷವನ್ನು ಮೊದಲೇ ಊಹಿಸಬಲ್ಲ, ಒಂದೇ ಭೇಟಿಯಲ್ಲಿ ಸರಿಪಡಿಸಬಲ್ಲ ತಂತ್ರಜ್ಞನಿಗೆ ಎಷ್ಟು ಸಂಬಳ ಕೊಟ್ಟರೂ ಲಾಭವೇ. ಕೂಲಿಯ ವ್ಯತ್ಯಾಸ ಇಲ್ಲಿ ಗೌಣವಾಗುತ್ತದೆ.

ಎರಡನೆಯ ಲೆಕ್ಕ ಬಡ್ಡಿಯದು. ಗಾಳಿಗೆ ಬೆಲೆಯಿಲ್ಲ, ಖರ್ಚಿನ ಬಹುಭಾಗ ಯಂತ್ರ ನಿಲ್ಲಿಸುವಾಗಲೇ ಆಗಿಹೋಗುತ್ತದೆ. 100 ರೂಪಾಯಿ ಸಾಲವನ್ನು 20 ವರ್ಷಗಳ ಸಮಾನ ಕಂತುಗಳಲ್ಲಿ ತೀರಿಸುವುದಾದರೆ, ಶೇಕಡ 6 ಬಡ್ಡಿಗೆ ವರ್ಷದ ಕಂತು 8.72 ರೂಪಾಯಿ, ಶೇಕಡ 10ಕ್ಕೆ 11.75 ರೂಪಾಯಿ. ಗಾಳಿಯ ಅಳತೆ ಖಚಿತವಾಗಿದ್ದು, ಯಂತ್ರದ ಚರಿತ್ರೆ ಬಹಿರಂಗವಾಗಿದ್ದರೆ ಬ್ಯಾಂಕಿನವರ ಅಂಜಿಕೆ ಕಡಿಮೆಯಾಗುತ್ತದೆ, ಬಡ್ಡಿಯೂ ಸ್ವಲ್ಪ ಇಳಿಯುತ್ತದೆ. ಒಳ್ಳೆಯ ಮಾಹಿತಿ ಹೀಗೆ ನೇರವಾಗಿ ವಿದ್ಯುತ್ತಿನ ದರವನ್ನು ತಗ್ಗಿಸುತ್ತದೆ.

ನಾರ್ವೆಯ ಪಾಠ

ನಾರ್ವೆಯಲ್ಲಿ ಕ್ಲಸ್ಟರ್ ತಾನಾಗಿ ಬೆಳೆಯಲಿಲ್ಲ. ಅದನ್ನು ಷರತ್ತು ಹಾಕಿ ಬೆಳೆಸಲಾಯಿತು. 1969ರಲ್ಲಿ ಎಕೊಫಿಸ್ಕ್ ತೈಲ ನಿಕ್ಷೇಪ ಪತ್ತೆಯಾದಾಗ ಆ ದೇಶಕ್ಕೆ ಕಡಲ ತೈಲದ ಅನುಭವವಿರಲಿಲ್ಲ. 1972ರಲ್ಲಿ ಸರ್ಕಾರಿ ತೈಲ ಕಂಪನಿಯನ್ನೂ, ಸ್ಟಾವಂಗರ್‌ನಲ್ಲಿ ತೈಲ ನಿರ್ದೇಶನಾಲಯವನ್ನೂ ಸ್ಥಾಪಿಸಲಾಯಿತು. 1979ರಿಂದ, ಪರವಾನಗಿ ಬಯಸುವ ವಿದೇಶಿ ಕಂಪನಿಗಳು ನಾರ್ವೆಯ ಸಂಸ್ಥೆಗಳಲ್ಲಿ ಸಂಶೋಧನೆ ಮಾಡಿಸುವ ಒಪ್ಪಂದಗಳಿಗೆ ಒಳಪಟ್ಟವು. ತೈಲ, ಅನಿಲ, ನೀರು ಮೂರೂ ಒಂದೇ ಕೊಳವೆಯಲ್ಲಿ ಹರಿಯುವಾಗ ಏನಾಗುತ್ತದೆ ಎಂಬ ಭೌತವಿಜ್ಞಾನದ ಕಠಿಣ ಪ್ರಶ್ನೆಯನ್ನು 1980ರ ದಶಕದಲ್ಲಿ ಟ್ರಾಂಡ್‌ಹೈಮ್‌ನ ಪ್ರಯೋಗಾಲಯದಲ್ಲಿ ಅಭ್ಯಾಸ ಮಾಡಿದರು. ಫಲವಾಗಿ 2007ರಲ್ಲಿ ಸ್ನೋವಿತ್ ನಿಕ್ಷೇಪದ ಅನಿಲವನ್ನು, ಕಡಲಿನ ಮೇಲೆ ಒಂದೂ ಕಟ್ಟೆ ಕಟ್ಟದೆ, 143 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ದಡಕ್ಕೆ ತರಲು ಸಾಧ್ಯವಾಯಿತು. ತೇಲುವ ತೈಲ ಕಟ್ಟೆಗಳ ಅನುಭವದಿಂದಲೇ 2009ರಲ್ಲಿ ಹೈವಿಂಡ್ ಎಂಬ ತೇಲುವ ಪವನಯಂತ್ರವೂ ಹುಟ್ಟಿತು. ಪರವಾನಗಿಯ ಜೊತೆ ಪ್ರಯೋಗಾಲಯವನ್ನೂ ಕೇಳಿದ್ದು ನಾರ್ವೆಯ ಜಾಣತನ.

ವಾದದ ಕೊರತೆಗಳು

ಇಷ್ಟು ಹೇಳಿದ ಮೇಲೆ ಕ್ಲಸ್ಟರ್ ವಾದವನ್ನು ಹಾಗೆಯೇ ಒಪ್ಪಿಬಿಡಬಾರದು. ಅದರಲ್ಲಿ ಮೂರು ಕೊರತೆಗಳಿವೆ.

ಮೊದಲನೆಯದು, ಅರಿವಿನ ಹೆಸರಿಗೆ ಬರೆದ ಲಾಭದಲ್ಲಿ ಒಂದು ಪಾಲು ಸರ್ಕಾರದ ಹಣದ್ದು. ಡೆನ್ಮಾರ್ಕಿನ ಸಹಾಯಧನ ಮೇಲೆ ಹೇಳಿದ್ದೇನೆ. ನಾರ್ವೆಯ 88 ಮೆಗಾವಾಟ್‌ನ ಹೈವಿಂಡ್ ಟಾಂಪೆನ್ ಯೋಜನೆಗೆ ಅಲ್ಲಿಯ ಸರ್ಕಾರಿ ಸಂಸ್ಥೆ 2019ರಲ್ಲಿ 230 ಕೋಟಿ ಕ್ರೋನರ್ ನೆರವು ಮಂಜೂರು ಮಾಡಿತು. ಶ್ರೀಮಂತ ದೇಶದ ಕಡಿಮೆ ಬಡ್ಡಿಯೂ ಕೇವಲ ಒಳ್ಳೆಯ ಮಾಹಿತಿಯ ಫಲವಲ್ಲ.

ಎರಡನೆಯದು, ಅರಿವು ಗೋಡೆಯೊಳಗೆ ನಿಲ್ಲುವುದಿಲ್ಲ. 2023ರ ಕೊನೆಗೆ ಜಗತ್ತಿನ ಕಡಲ ಪವನ ಸಾಮರ್ಥ್ಯದ ಸುಮಾರು ಅರ್ಧ ಚೀನಾದಲ್ಲಿತ್ತು. ತಡವಾಗಿ ಬಂದವರೂ ಕಲಿಯಬಹುದು ಎಂಬುದಕ್ಕೆ ಇದು ಪುರಾವೆ.

ಮೂರನೆಯದು, ಕ್ಲಸ್ಟರ್ ಇದ್ದ ಮಾತ್ರಕ್ಕೆ ವ್ಯಾಪಾರ ನಡೆಯುವುದಿಲ್ಲ. ಡೆನ್ಮಾರ್ಕ್ ಉತ್ತರ ಸಮುದ್ರದಲ್ಲಿ 3,000 ಮೆಗಾವಾಟ್‌ಗೆ ಕರೆದ ಹರಾಜಿಗೆ 2024ರ ಡಿಸೆಂಬರ್‌ನಲ್ಲಿ ಒಬ್ಬರೂ ಬಿಡ್ ಸಲ್ಲಿಸಲಿಲ್ಲ. ಜಗತ್ತಿನಲ್ಲಿ ಬಡ್ಡಿ ಮತ್ತು ಸಾಮಗ್ರಿಗಳ ಬೆಲೆ ಏರಿದಾಗ ನೂರು ವರ್ಷದ ಅರಿವೂ ಕೈಕಟ್ಟಿ ನಿಲ್ಲಬೇಕಾಯಿತು.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಅರಿವು ಗೆಲುವಿನ ಖಾತರಿಯಲ್ಲ. ಆದರೆ ಅರಿವಿಲ್ಲದ ಕಡೆ ಗಾಳಿಯೂ ಭೂಮಿಯೂ ಬಾಡಿಗೆಯ ಸ್ವತ್ತಾಗುತ್ತವೆ, ಅಷ್ಟೇ. ಬಾಡಿಗೆ ನಿಂತ ದಿನ ಊರಿನಲ್ಲಿ ಏನೂ ಉಳಿಯುವುದಿಲ್ಲ.

ನಮ್ಮಲ್ಲಿ ಏನಿದೆ?

ಭಾರತ 2015ರಲ್ಲಿ ಕಡಲ ಪವನಶಕ್ತಿ ನೀತಿ ಪ್ರಕಟಿಸಿತು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಜರಾತ್ ಮತ್ತು ತಮಿಳುನಾಡಿನ ಕರಾವಳಿಗಳಲ್ಲಿ ತಲಾ 500 ಮೆಗಾವಾಟ್ ಗುರಿ. ಇದರಲ್ಲಿ 600 ಕೋಟಿ ಎರಡು ಬಂದರುಗಳ ಸುಧಾರಣೆಗೆ. ಕರ್ನಾಟಕದ ಪಾಲು ನೆಲದ ಮೇಲಿನದು. ಕರ್ನಾಟಕ ವಿದ್ಯುತ್ ನಿಗಮ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ನಿಲ್ಲಿಸಿದ ಹಳೆಯ ಯಂತ್ರಗಳ ಸಾಮರ್ಥ್ಯ ತಲಾ 225–230 ಕಿಲೋವಾಟ್. 2025ರ ಮಾರ್ಚ್ ವೇಳೆಗೆ ರಾಜ್ಯದ ಒಟ್ಟು ಪವನ ವಿದ್ಯುತ್ ಸಾಮರ್ಥ್ಯ 7,000 ಮೆಗಾವಾಟ್ ಮೀರಿತ್ತು. ಯಂತ್ರಗಳ ಸಂಖ್ಯೆಯಲ್ಲಿ ನಾವು ಹಿಂದಿಲ್ಲ.

ಆದರೆ ನಮ್ಮ ಗಾಳಿ ಉತ್ತರ ಸಮುದ್ರದ ಗಾಳಿಯಲ್ಲ. ಒಂದು ಚದರ ಮೀಟರ್ ಮೂಲಕ ಹಾಯುವ ಗಾಳಿಯ ಶಕ್ತಿ ಅದರ ಸಾಂದ್ರತೆ ಮತ್ತು ವೇಗದ ಘನದ ಗುಣಲಬ್ಧದ ಅರ್ಧ. ಹಾವೇರಿ ಜಿಲ್ಲೆ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. 28 ಡಿಗ್ರಿ ಉಷ್ಣತೆಯಲ್ಲಿ ಇಲ್ಲಿಯ ಗಾಳಿಯ ಸಾಂದ್ರತೆ ಘನಮೀಟರ್‌ಗೆ ಸುಮಾರು 1.10 ಕಿಲೋಗ್ರಾಂ. 10 ಡಿಗ್ರಿಯ ಕಡಲಮಟ್ಟದ ಗಾಳಿಯದು ಸುಮಾರು 1.24. ಇಲ್ಲಿ ಸೆಕೆಂಡಿಗೆ 6 ಮೀಟರ್, ಅಲ್ಲಿ 9 ಮೀಟರ್ ವೇಗವೆಂದುಕೊಂಡರೆ ಉತ್ತರ ಕ್ರಮವಾಗಿ 119 ಮತ್ತು 452 ವಾಟ್. ಸುಮಾರು 3.8 ಪಟ್ಟು ಅಂತರ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಳಿ ಅರ್ಧ ಕಾಲ 3 ಮೀಟರ್, ಅರ್ಧ ಕಾಲ 9 ಮೀಟರ್ ವೇಗದಲ್ಲಿ ಬೀಸಿದರೆ ಸರಾಸರಿ 6 ಮೀಟರೇ. ಆದರೆ ಘನಗಳ ಸರಾಸರಿ (27 + 729) ÷ 2 = 378; ಒಂದೇ ಸಮನೆ 6 ಮೀಟರ್ ಬೀಸಿದರೆ ಕೇವಲ 216. ಮುಂಗಾರಿನಲ್ಲಿ ಜೋರಾಗಿ ಬೀಸಿ ಉಳಿದ ಕಾಲ ಮಂಕಾಗುವ ನಮ್ಮ ಗಾಳಿಗೆ ವರ್ಷದ ಸರಾಸರಿ ವೇಗ ಎಂಬ ಒಂದೇ ಅಂಕಿ ಸಾಲದು. ಊರೂರಿನ, ತಿಂಗಳು ತಿಂಗಳಿನ ಅಳತೆ ಬೇಕು. ಕಡಿಮೆ ಗಾಳಿಯ ನಾಡಿಗೆ ಅರಿವು ಹೆಚ್ಚು ಗಾಳಿಯ ನಾಡಿಗಿಂತಲೂ ಅಗತ್ಯ.

ಅರಿವಿನ ಕ್ಲಸ್ಟರ್ ಈ ಜಿಲ್ಲೆಗೆ ಹೊಸದೇನೂ ಅಲ್ಲ. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಾತರಕಿ ಅವರು ವರಲಕ್ಷ್ಮಿ ಎಂಬ ಸಂಕರಣ ಹತ್ತಿ ತಳಿಯನ್ನು ಬಿಡುಗಡೆ ಮಾಡಿದರು. ನಂತರದ ದಶಕಗಳಲ್ಲಿ ರಾಣೆಬೆನ್ನೂರನ್ನು ಕೇಂದ್ರವಾಗಿಟ್ಟುಕೊಂಡು ಬೀಜೋತ್ಪಾದನೆ ಬೆಳೆದು, ಹಿರೇಕೆರೂರಿನ ಕಡೆಯ ಹೊಲಗಳಿಗೂ ಹರಡಿತು. ನಾಳೆ ಅರಳಲಿರುವ ಹತ್ತಿಯ ಮೊಗ್ಗನ್ನು ಇಂದು ಸಂಜೆ ಗುರುತಿಸಿ, ಶಲಾಕೆಗೆ ಪೆಟ್ಟಾಗದಂತೆ ದಳ ಮತ್ತು ಕೇಸರ ಕೊಳವೆಯನ್ನು ಉಗುರಿನಿಂದ ಸುಲಿದು, ಮರುದಿನ ಬೆಳಿಗ್ಗೆ ಗಂಡು ತಳಿಯ ಪರಾಗ ಸವರುವ ಕೆಲಸ ಪುಸ್ತಕದಿಂದ ಬರುವಂಥದ್ದಲ್ಲ. ಅಕ್ಕಪಕ್ಕದ ಹೊಲದವರಿಂದ ಬರುತ್ತದೆ. ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಕಂಪನಿಯ ಬೀಜ ಬೆಳೆಯುವಲ್ಲಿ ಕೈಚಳಕ ಹೊಲದವರದು, ಮೂಲ ತಳಿಗಳ ಗುಟ್ಟು ಕಂಪನಿಯದು. ಬೀಜ ಶುದ್ಧತೆಯ ಪರೀಕ್ಷೆಯಲ್ಲಿ ಸೋತರೆ ತಿರಸ್ಕಾರದ ಹೊಡೆತ ಬೆಳೆದವರಿಗೂ ತಟ್ಟುತ್ತದೆ. ಅರಿವಿನ ಅರ್ಧ ಭಾಗ ಮಾತ್ರ ಊರಿನಲ್ಲಿದ್ದರೆ ಲಾಭವೂ ಅಷ್ಟಕ್ಕೇ ನಿಲ್ಲುತ್ತದೆ.

ಪವನಯಂತ್ರಗಳ ವಿಷಯದಲ್ಲಿ ಆ ಅರ್ಧವೂ ಇಲ್ಲ ಎಂಬುದೇ ನನ್ನ ಆಕ್ಷೇಪ. ಶಿಗ್ಗಾಂವಿಯ ದಿಬ್ಬದ ಮೇಲಿನ ಯಂತ್ರ ಕಳೆದ ವರ್ಷ ಎಷ್ಟು ದಿನ ನಿಂತಿತ್ತು, ಏಕೆ ನಿಂತಿತ್ತು ಎಂಬ ಲೆಕ್ಕ ಪಕ್ಕದ ಪ್ರೌಢಶಾಲೆಗೆ ತಲುಪುವ ಏರ್ಪಾಡು ನಮ್ಮಲ್ಲಿಲ್ಲ. ಡೇನಿಷ್ ರೈತ ತಿಂಗಳ ಪತ್ರಿಕೆಯಲ್ಲಿ ಓದುತ್ತಿದ್ದುದನ್ನು ನಮ್ಮ ವಿಜ್ಞಾನ ಶಿಕ್ಷಕ ಕೇಳಿದರೂ ಪಡೆಯಲಾರ.

ನೀವು ಮಾಡಬಹುದಾದದ್ದು

ಸರ್ಕಾರ ಮಾಡಬೇಕಾದ ಕೆಲಸ ಸ್ಪಷ್ಟ. ಪವನ ಯೋಜನೆಗೆ ಒಪ್ಪಿಗೆ ಕೊಡುವಾಗ ಎರಡು ಷರತ್ತು ಸೇರಿಸಬೇಕು. ಒಂದು, ಗಾಳಿಯ ವೇಗ ಮತ್ತು ಯಂತ್ರದ ನಿಲುಗಡೆಯ ದಾಖಲೆಗಳನ್ನು, ವ್ಯಾಪಾರಕ್ಕೆ ಧಕ್ಕೆಯಾಗದಷ್ಟು ಕಾಲ ಬಿಟ್ಟು, ಹತ್ತಿರದ ಸರ್ಕಾರಿ ಕಾಲೇಜಿಗೆ ಕೊಡಬೇಕು. ಎರಡು, ದುರಸ್ತಿಯ ತರಬೇತಿಯನ್ನು ಆ ತಾಲ್ಲೂಕಿನ ಐಟಿಐ ವಿದ್ಯಾರ್ಥಿಗಳಿಗೂ ಒದಗಿಸಬೇಕು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಈ ನಾಲ್ಕು ತಾಲ್ಲೂಕುಗಳು ಗಾಳಿಯ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ. ಹಾನಗಲ್ಲಿನ ಪಶ್ಚಿಮ ಅಂಚು ಮಲೆನಾಡಿನ ಸೆರಗು, ಮರಗಿಡ ಹೆಚ್ಚು. ಸವಣೂರಿನ ಕಡೆಗೆ ಹೋದಂತೆ ಬಯಲು ತೆರೆದುಕೊಳ್ಳುತ್ತದೆ. ನೆಲದ ಒರಟುತನ ಗಾಳಿಯನ್ನು ಹೇಗೆ ತಡೆಯುತ್ತದೆ ಎಂಬುದನ್ನು ಪೂರ್ವ ಪಶ್ಚಿಮವಾಗಿ ಅಳೆದೇ ನೋಡಬಹುದು. ಪ್ರತಿ ತಾಲ್ಲೂಕಿನ ಒಂದು ಶಾಲೆ ಅಥವಾ ಕಾಲೇಜು 10 ಮೀಟರ್ ಎತ್ತರದಲ್ಲಿ ಬಟ್ಟಲು ಮಾದರಿಯ ವೇಗಮಾಪಕ ನಿಲ್ಲಿಸಿ, ದಿನಕ್ಕೆ ನಾಲ್ಕು ಹೊತ್ತು ಓದಿ ಬರೆದಿಡಲಿ. ತೆರೆದ ಬಯಲಿನಲ್ಲಿ ವೇಗ ಎತ್ತರದ ಏಳನೆಯ ಒಂದು ಘಾತದಂತೆ ಏರುತ್ತದೆ ಎಂಬ ಸ್ಥೂಲ ನಿಯಮ ಹಚ್ಚಿದರೆ, 10 ಮೀಟರ್ ಎತ್ತರದ 4 ಮೀಟರ್ ವೇಗ 100 ಮೀಟರ್ ಎತ್ತರದಲ್ಲಿ ಸುಮಾರು 5.6 ಮೀಟರ್ ಆಗುತ್ತದೆ. ಸರಾಸರಿ ವೇಗವನ್ನೂ ಘನಗಳ ಸರಾಸರಿಯನ್ನೂ ತಿಂಗಳಿಗೊಮ್ಮೆ ಲೆಕ್ಕ ಹಾಕಿ ನಾಲ್ಕು ಶಾಲೆಗಳು ಪರಸ್ಪರ ಕಳಿಸಿಕೊಳ್ಳಲಿ. ಕಣ್ಣಿಗೆ ಕಾಣುವ ಯಂತ್ರಗಳಲ್ಲಿ ಗಾಳಿಯಿದ್ದರೂ ನಿಂತಿರುವವು ಎಷ್ಟು ಎಂದು ದಿನವೂ ಎಣಿಸಿ ದಿನಾಂಕ ಸಹಿತ ಬರೆಯಲಿ. ನಿಮ್ಮ ಊರಿನವರಲ್ಲಿ ಎಷ್ಟು ಮಂದಿ ಆ ಯಂತ್ರಗಳ ಕಾವಲಿಗಿದ್ದಾರೆ, ಎಷ್ಟು ಮಂದಿ ದುರಸ್ತಿಗಿದ್ದಾರೆ ಎಂಬ ಗಣತಿಯನ್ನೂ ವಿದ್ಯಾರ್ಥಿಗಳು ಮಾಡಲಿ. ಆ ಎರಡು ಅಂಕಿಗಳ ಅನುಪಾತವೇ ಊರಿಗೆ ಬಂದ ಅರಿವಿನ ಅಳತೆ.

ಪವನಯಂತ್ರದ ಆಯುಷ್ಯ ಸುಮಾರು 25 ವರ್ಷ. ಇಂದು ಎಂಟನೆಯ ತರಗತಿಯಲ್ಲಿರುವ ಹುಡುಗಿಗೆ ನಲವತ್ತು ತುಂಬುವ ಹೊತ್ತಿಗೆ ಈಗಿನ ಯಂತ್ರಗಳು ಕಳಚಿಹೋಗಿ, ಅವುಗಳ ಜಾಗದಲ್ಲಿ ಬೇರೆ ಯಂತ್ರಗಳು ಬಂದಿರುತ್ತವೆ. ಆ ಹೊಸ ಯಂತ್ರಗಳ ವಿನ್ಯಾಸದ, ಜಾಗದ ಆಯ್ಕೆಯ, ದುರಸ್ತಿಯ ಮಾತುಕತೆಯಲ್ಲಿ ಅವಳು ಕುಳಿತಿರಬೇಕಾದರೆ ಅಳೆಯುವ ಕೆಲಸ ಈ ಮುಂಗಾರಿನಲ್ಲೇ ಅವಳ ಶಾಲೆಯಲ್ಲಿ ಆರಂಭವಾಗಬೇಕು.